ಅಪ್ಪನ ಎದೆಬಡಿತ ತಾಳ ತಪ್ಪಿದೆ: ಡವಡವ ನಿಂತ ಮೇಲೆ ಮಾತ್ರೆ ಬಿಡಬಹುದಾ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಅಡಿಕೆ ತೋಟ ಇದೆ. ಅಪ್ಪನಿಗೆ 68 ವರ್ಷ. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎದೆ ಡವಡವ ಎನ್ನಲು ಶುರುವಾಯಿತು. ಗುಡ್ಡ ಹತ್ತಿದರೆ ಏದುಸಿರು. ಕಾಸರಗೋಡಿನಲ್ಲಿ ಇಸಿಜಿ ತೆಗೆದು ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಮಂಗಳೂರಿನಲ್ಲಿ ಎಕೋ, ಆಂಜಿಯೋಗ್ರಾಂ ಎರಡೂ ಆಯಿತು. ರಕ್ತನಾಳದಲ್ಲಿ ಬ್ಲಾಕ್ ಇಲ್ಲ, ವಾಲ್ವ್ ಸರಿ ಇದೆ ಎಂದರು. ಬಡಿತದ ಓಟ ತಗ್ಗಿಸಲು ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದಂತೆ ಅಪಿಕ್ಸಬಾನ್ ಬರೆದುಕೊಟ್ಟರು. ಮುಂದೆ ಬೇಕಾದರೆ ಅಬ್ಲೇಶನ್ (ಹೃದಯಕ್ಕೆ ಕೊಳವೆ ಹಾಕಿ ತಾಳ ಸರಿಮಾಡುವ ಚಿಕಿತ್ಸೆ) ಮಾಡಬಹುದು ಎಂದೂ ಹೇಳಿದ್ದಾರೆ. ಈಗ ಡವಡವ ನಿಂತಿದೆ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತೆಂದು ಅಪ್ಪ ಅಪಿಕ್ಸಬಾನ್ ಬಿಟ್ಟುಬಿಟ್ಟಿದ್ದಾರೆ. ದೊಡ್ಡಮ್ಮನಿಗೆ ಪೇಸ್‌ಮೇಕರ್ ಇದೆ. ಅಪ್ಪನಿಗೂ ಅದನ್ನೇ ಹಾಕಿಸಿ ಎನ್ನುವ ನೆಂಟರೂ ಇದ್ದಾರೆ. ನನ್ನ ತಂಗಿಗೆ 29 ವರ್ಷ. ಅವಳಿಗೂ ವರ್ಷಕ್ಕೆ ನಾಲ್ಕೈದು ಸಲ ಇದ್ದಕ್ಕಿದ್ದಂತೆ ಎದೆ ಜೋರಾಗಿ ಬಡಿದುಕೊಂಡು, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಟೆನ್ಶನ್ ಎಂದು ಕಳಿಸಿದ್ದಾರೆ. ಇವೆಲ್ಲ ಒಂದೇ ಕಾಯಿಲೆಯಾ? ಹೃದಯದಲ್ಲಿ ಕರೆಂಟ್ ಎಂದರೆ ಏನು? ಅಪ್ಪ ತೋಟದ ಕೆಲಸ ಮಾಡಬಹುದಾ?

ಉತ್ತರ: ಉಳಿದದ್ದನ್ನು ಆಮೇಲೆ ಓದಿ. ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಅಪ್ಪ ಅಪಿಕ್ಸಬಾನ್ ನಿಲ್ಲಿಸಿದ್ದಾರೆ, ಒಸಡಿನಲ್ಲಿ ರಕ್ತ ಬಂತು ಅಷ್ಟೇ, ಬೇರೆಲ್ಲೂ ಇಲ್ಲ ಎಂದು ಹೇಳಿ ಪುನಃ ಶುರು ಮಾಡಿಸಿ. ಅವರ ಮದ್ದುಗಳಲ್ಲಿ ನಿಲ್ಲಿಸಲೇಬಾರದ್ದು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಜನ ಮೊದಲು ಬಿಡುವುದೂ ಇದನ್ನೇ. ತೆಗೆದುಕೊಂಡರೆ ಏನೂ ಆದ ಹಾಗೆ ಕಾಣುವುದಿಲ್ಲ, ಬಿಟ್ಟರೂ ಏನೂ ಆದ ಹಾಗೆ ಕಾಣುವುದಿಲ್ಲ, ಅಲ್ವಾ? ಯಾಕೆ ಬಿಡಬಾರದು ಎಂದು ತಿಳಿಯಲು ಹೃದಯದ ಕರೆಂಟಿನಿಂದಲೇ ಶುರು ಮಾಡಬೇಕು.

ಈ ಕರೆಂಟ್ ಹೊರಗಿನಿಂದ ಬರುವುದಿಲ್ಲ. ಮಿದುಳಿನಿಂದಲೂ ಬರುವುದಿಲ್ಲ. ಮಿದುಳು ಬಡಿತವನ್ನು ಹೆಚ್ಚು ಕಡಿಮೆ ಮಾಡಬಹುದು, ಅಷ್ಟೇ. ಬೇರೆಯವರ ಹೃದಯ ಕಸಿ ಮಾಡುವಾಗ ನರಗಳನ್ನೆಲ್ಲ ಕತ್ತರಿಸಿರುತ್ತಾರೆ. ಆದರೂ ಆ ಹೃದಯ ಹೊಸ ಎದೆಯಲ್ಲಿ ತಾನೇ ಬಡಿಯುತ್ತದೆ. ಬೇಕಾದ ವಿದ್ಯುತ್ತನ್ನು ಹೃದಯದ ಜೀವಕೋಶಗಳೇ ಉಪ್ಪಿನಂಶಗಳಿಂದ ಮಾಡಿಕೊಳ್ಳುತ್ತವೆ. ಸುಮ್ಮನಿರುವಾಗ ಸ್ನಾಯುಕೋಶದ ಒಳಭಾಗದಲ್ಲಿ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸೋಡಿಯಂ ಒಳಗೆ ನುಗ್ಗಿದಾಗ ಅದು ಥಟ್ಟನೆ ಏರುತ್ತದೆ. ಹಿಂದೆಯೇ ಕ್ಯಾಲ್ಸಿಯಂ ಬರುತ್ತದೆ, ಕೋಶ ಕುಗ್ಗುತ್ತದೆ. ಪೊಟ್ಯಾಸಿಯಂ ಹೊರಗೆ ಹೋದಾಗ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಒಂದು ಬಡಿತಕ್ಕೆ ಇಷ್ಟೆಲ್ಲ ನಡೆಯಬೇಕು. ದಿನಕ್ಕೆ ಹೀಗೆ ಸುಮಾರು ಒಂದು ಲಕ್ಷ ಬಡಿತ.

ಹೃದಯದಲ್ಲಿ ಮೇಲೆ ಎರಡು, ಕೆಳಗೆ ಎರಡು ಕೋಣೆಗಳಿವೆ. ಬಡಿತದ ಅಲೆ ಶುರುವಾಗುವುದು ಬಲ ಮೇಲಿನ ಕೋಣೆಯಲ್ಲಿ. ದೇಹದ ಮೇಲಿನ ಭಾಗದ ರಕ್ತ ತರುವ ದೊಡ್ಡ ನಾಳ ಅಲ್ಲಿಗೆ ಬಂದು ಸೇರುತ್ತದೆ. ಆ ಜಾಗದಲ್ಲಿ ಎಸ್‌ಎ ನೋಡ್ ಎಂಬ ಪುಟ್ಟ ಗುಂಪು ಇದೆ. ಅಲ್ಲಿಯ ಕೋಶಗಳು ಸುಮ್ನೆ ಕೂರುವವಲ್ಲ. ಒಂದು ಬಡಿತ ಮುಗಿದ ತಕ್ಷಣ ಅವುಗಳ ವೋಲ್ಟೇಜ್ ತಾನಾಗಿ ನಿಧಾನಕ್ಕೆ ಮೇಲೇರಲು ಶುರುವಾಗುತ್ತದೆ. ಒಂದು ಮಟ್ಟ ಮುಟ್ಟಿದರೆ ಮತ್ತೊಂದು ಬಡಿತ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100. ಅಲ್ಲಿಂದ ಅಲೆ ಮೇಲಿನ ಎರಡು ಕೋಣೆಗಳಿಗೆ ಹರಡಿ ಅವುಗಳನ್ನು ಕುಗ್ಗಿಸುತ್ತದೆ. ಕೆಳಗಿನ ಕೋಣೆಗಳಿಗೆ ಇಳಿಯಲು ಮಾಮೂಲಿಗೆ ಒಂದೇ ದಾರಿ. ಅಲ್ಲಿ ಎವಿ ನೋಡ್ ಇದೆ.

ಈ ಎವಿ ನೋಡನ್ನು ನಿಮ್ಮ ಕಡೆಯವರಿಗೆ ವಿವರಿಸುವಾಗ ನಾನು ಗಡಿಯ ತಲಪಾಡಿ ಚೆಕ್‌ಪೋಸ್ಟ್ ಎನ್ನುತ್ತೇನೆ. ಎಲ್ಲರನ್ನೂ ಬಿಡುತ್ತದೆ, ಆದರೆ ಸ್ವಲ್ಪ ಕಾಯಿಸಿ ಬಿಡುತ್ತದೆ. ಒಮ್ಮೆಲೇ ನೂರಾರು ಬಂದರೆ ಅಷ್ಟನ್ನೂ ಬಿಡುವುದಿಲ್ಲ. ಕಾಯಿಸುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅಷ್ಟರಲ್ಲಿ ಮೇಲಿನ ಕೋಣೆಯ ರಕ್ತ ಕೆಳಗಿಳಿದು ಕೋಣೆ ತುಂಬಿಕೊಳ್ಳುತ್ತದೆ. ಅದು ದಾಟಿದ ಮೇಲೆ ಹಿಸ್ ಕಟ್ಟು, ಅದರ ಎಡ ಬಲ ಕವಲುಗಳು, ಕೊನೆಗೆ ಪರ್ಕಿಂಜೆ ಎಳೆಗಳು. ಇಲ್ಲಿ ಅಲೆಯ ಓಟ ಬಹಳ ಜೋರು, ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್. ಹಾಗಾಗಿ ಕೆಳಗಿನ ಎರಡೂ ಕೋಣೆಗಳು ಒಟ್ಟಿಗೆ ಹಿಂಡಿಕೊಳ್ಳುತ್ತವೆ.

ಇದನ್ನೆಲ್ಲ ಕಂಡುಹಿಡಿದ ಕ್ರಮ ತಮಾಷೆಯಾಗಿದೆ. ಕೊನೆಯ ಎಳೆಗಳನ್ನು ಪರ್ಕಿಂಜೆ 1839ರಲ್ಲೇ ಕುರಿಯ ಹೃದಯದಲ್ಲಿ ನೋಡಿದ್ದರು. ವಿಲ್ಹೆಲ್ಮ್ ಹಿಸ್ ತಮ್ಮ ಹೆಸರಿನ ಕಟ್ಟನ್ನು 1893ರಲ್ಲಿ ವಿವರಿಸಿದರು. ಜಪಾನಿನ ಸುನಾವೊ ತವಾರ ಜರ್ಮನಿಯಲ್ಲಿ ಕೆಲಸ ಮಾಡುತ್ತ 1906ರಲ್ಲಿ ಎವಿ ನೋಡ್ ಬಗ್ಗೆ ಬರೆದರು. ಎಲ್ಲ ಶುರುವಾಗುವ ಎಸ್‌ಎ ನೋಡ್ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ, 1907ರಲ್ಲಿ. ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ಕಂಡಿದ್ದು ಮೋಲ್ ಎಂಬ ಬಿಲ ತೋಡುವ ಸಣ್ಣ ಪ್ರಾಣಿಯ ಹೃದಯದಲ್ಲಿ. ಈ ಅಲೆಗಳನ್ನು ಮೈಮೇಲಿಂದಲೇ ಬರೆದು ತೋರಿಸುವ ಇಸಿಜಿಯನ್ನು ಬಳಕೆಗೆ ತಂದ ಐಂಥೋವೆನ್‌ಗೆ 1924ರಲ್ಲಿ ನೊಬೆಲ್ ಬಂತು.

ಈಗ ನಿಮ್ಮ ಅಪ್ಪನ ವಿಷಯ. ಆಂಜಿಯೋಗ್ರಾಂ ನೋಡುವುದು ಹೃದಯಕ್ಕೆ ರಕ್ತ ತರುವ ನಾಳಗಳನ್ನು. ಅವು ಚೆನ್ನಾಗಿದ್ದರೂ ಕರೆಂಟಿನ ವ್ಯವಸ್ಥೆ ಕೆಡಬಹುದು. ಅವರಲ್ಲಿ ಆಗಿರುವುದು ಅದೇ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರಷ್ಟು ಅಲೆಗಳು ಅಡ್ಡಾದಿಡ್ಡಿ ಓಡುತ್ತಿರುತ್ತವೆ. ಕೋಣೆ ಹಿಂಡಿಕೊಳ್ಳುವುದಿಲ್ಲ, ಬರೀ ನಡುಗುತ್ತದೆ. ಎವಿ ನೋಡ್ ಅವುಗಳಲ್ಲಿ ಕೆಲವನ್ನು ಮಾತ್ರ ಕೆಳಗೆ ಬಿಡುತ್ತದೆ. ಬಿಡುವುದಕ್ಕೆ ಕ್ರಮ ಇಲ್ಲ. ಅದಕ್ಕೇ ನಾಡಿ ತಾಳ ತಪ್ಪಿರುತ್ತದೆ. ಮದ್ದಿಲ್ಲದಿದ್ದರೆ ನಾಡಿ 120, 150 ಆಗುವುದೂ ಇದೆ. ಗುಡ್ಡ ಹತ್ತುವಾಗ ಏದುಸಿರು ಬಂದದ್ದು ಇದರಿಂದಲೇ ಇರಬೇಕು.

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ರಕ್ತ ಹೆಪ್ಪುಗಟ್ಟದಂತೆ ಏನು ಮಾಡಬೇಕು? ಬಡಿತದ ಓಟವನ್ನು ಹೇಗೆ ತಗ್ಗಿಸಬೇಕು? ತಾಳವನ್ನು ಸರಿಮಾಡಬೇಕಾ? ರೋಗಿಗಳು ಮೂರನೆಯದನ್ನೇ ಮೊದಲು ಕೇಳುತ್ತಾರೆ. ನಾವು ಮೊದಲನೆಯದನ್ನು ಮೊದಲು ನೋಡುತ್ತೇವೆ.

ಎಡ ಮೇಲಿನ ಕೋಣೆಗೆ ಅಂಟಿಕೊಂಡು ಒಂದು ಸಣ್ಣ ಚೀಲ ಇದೆ. ಕೋಣೆ ಹಿಂಡಿಕೊಳ್ಳದಿದ್ದರೆ ರಕ್ತ ಅಲ್ಲಿ ನಿಂತುಬಿಡುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ವಾಲ್ವ್ ತೊಂದರೆ ಇಲ್ಲದವರಲ್ಲಿ ಇಂಥ ಹೆಪ್ಪಿನ ಗಡ್ಡೆಗಳಲ್ಲಿ ಹತ್ತರಲ್ಲಿ ಒಂಬತ್ತು ಹುಟ್ಟುವುದು ಆ ಚೀಲದಲ್ಲೇ. ಅದು ಕಳಚಿ ಹೊರಟರೆ ನೇರ ಮಿದುಳಿಗೆ ಹೋಗಬಹುದು. ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ಹೀಗೆ ಬರುವ ಪಾರ್ಶ್ವವಾಯು ಸಾಮಾನ್ಯವಾಗಿ ದೊಡ್ಡದೇ ಆಗಿರುತ್ತದೆ.

ಎಲ್ಲರಿಗೂ ಒಂದೇ ಅಪಾಯ ಇರುವುದಿಲ್ಲ. ಅದನ್ನು ಅಳೆಯಲು ನಾವು ಅಂಕ ಕೊಡುತ್ತೇವೆ. 65 ದಾಟಿದರೆ ಒಂದು, 75 ಆದರೆ ಎರಡು. ಬಿಪಿಗೆ ಒಂದು, ಶುಗರ್‌ಗೆ ಒಂದು. ಹೃದಯ ದುರ್ಬಲವಾಗಿದ್ದರೆ ಒಂದು, ರಕ್ತನಾಳದ ಕಾಯಿಲೆಗೆ ಒಂದು. ಮೊದಲೇ ಪಾರ್ಶ್ವವಾಯು ಆಗಿದ್ದರೆ ಎರಡು. ನಿಮ್ಮ ಅಪ್ಪನಿಗೆ ವಯಸ್ಸು, ಬಿಪಿ, ಶುಗರ್ ಸೇರಿ ಮೂರು ಅಂಕ. ಗಂಡಸರಲ್ಲಿ ಎರಡು ಅಥವಾ ಹೆಚ್ಚು ಬಂದರೆ ಹೆಪ್ಪು ತಡೆಯುವ ಮಾತ್ರೆ ಬೇಕು ಎಂಬುದು ಎಲ್ಲ ಕಡೆಯ ನಿಯಮ. ಗಮನಿಸಿ, ಈ ಲೆಕ್ಕದಲ್ಲಿ ಡವಡವಕ್ಕೆ ಅಂಕವೇ ಇಲ್ಲ. ಅದು ಇದೆಯಾ ಇಲ್ಲವಾ ಎಂಬುದರಿಂದ ಹೆಪ್ಪಿನ ಅಪಾಯ ಗೊತ್ತಾಗುವುದಿಲ್ಲ. ಮೆಟೊಪ್ರೊಲಾಲ್ ಕೆಳಗಿನ ಕೋಣೆಗಳ ಓಟ ತಗ್ಗಿಸಿದೆ, ಅಪ್ಪನಿಗೆ ಹಾಯೆನಿಸಿದೆ. ಮೇಲಿನ ಕೋಣೆ ಈಗಲೂ ನಡುಗುತ್ತಿರಬಹುದು. ನಡುಕ ಆಗಾಗ ಬಂದು ಹೋಗುತ್ತಿದ್ದರೂ ಗೊತ್ತಾಗದವರು ಎಷ್ಟೋ ಜನ.

ಬದಲಿಗೆ ಆಸ್ಪಿರಿನ್ ಸಾಕಲ್ಲವಾ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸಾಲದು. ಹೆಪ್ಪು ತಡೆಯುವ ಹಳೆಯ ಮಾತ್ರೆ ವಾರ್ಫರಿನ್ ಆಗದವರಲ್ಲಿ ಅಪಿಕ್ಸಬಾನ್ ಮತ್ತು ಆಸ್ಪಿರಿನ್ ಹೋಲಿಸಿದ ದೊಡ್ಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಪಿಕ್ಸಬಾನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಅರ್ಧಕ್ಕಿಂತ ಕಡಿಮೆಯಾಯಿತು. ದೊಡ್ಡ ರಕ್ತಸ್ರಾವ ಎರಡು ಗುಂಪುಗಳಲ್ಲೂ ಹೆಚ್ಚು ಕಡಿಮೆ ಒಂದೇ. ಅಂದರೆ ಆಸ್ಪಿರಿನ್‌ನಲ್ಲಿ ರಕ್ತ ಸುರಿಯುವ ಅಪಾಯ ಇದ್ದೇ ಇದೆ, ಪ್ರಯೋಜನ ಮಾತ್ರ ಕಮ್ಮಿ.

ಒಸಡಿನ ರಕ್ತಕ್ಕೆ ಮೆತ್ತನೆಯ ಬ್ರಷ್ ತನ್ನಿ. ಹಲ್ಲಿನ ಡಾಕ್ಟರಿಗೆ ತೋರಿಸಿ, ಮಾತ್ರೆಯ ವಿಷಯ ಮೊದಲೇ ಹೇಳಿ. ಹೆಚ್ಚಿನ ಸಲ ಒಸಡೇ ಹಾಳಾಗಿರುತ್ತದೆ, ಮಾತ್ರೆ ಅದನ್ನು ತೋರಿಸಿಕೊಟ್ಟಿರುತ್ತದೆ. ಹೆದರಬೇಕಾದ ರಕ್ತ ಬೇರೆ. ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಪಿಕ್ಸಬಾನ್ ದಿನಕ್ಕೆ ಎರಡು ಹೊತ್ತಿನ ಮಾತ್ರೆ. ಒಂದೆರಡು ದಿನ ಬಿಟ್ಟರೂ ರಕ್ಷಣೆ ಪೂರ್ತಿ ಹೋಗುತ್ತದೆ. ಕಿಡ್ನಿಯ ಕ್ರಿಯೇಟಿನಿನ್ ವರ್ಷಕ್ಕೆ ಒಮ್ಮೆಯಾದರೂ ನೋಡಿಸಿ. ವಯಸ್ಸು, ತೂಕ, ಕ್ರಿಯೇಟಿನಿನ್ ಮೂರನ್ನೂ ನೋಡಿ ಪ್ರಮಾಣ ನಿಗದಿ ಮಾಡುತ್ತಾರೆ. ನೀವೇ ಅರ್ಧ ಮಾಡಬೇಡಿ.

ತೋಟದವರಿಗೆ ನಾನು ತಪ್ಪದೆ ಹೇಳುವ ಮಾತು ನೋವಿನ ಮಾತ್ರೆಯದ್ದು. ಸೊಂಟ ನೋವು, ಗಂಟು ನೋವು ಎಂದು ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಿಸಿಕೊಂಡು ನುಂಗುವುದು ನಮ್ಮಲ್ಲಿ ಮಾಮೂಲು. ಹೆಪ್ಪು ತಡೆಯುವ ಮಾತ್ರೆಯ ಜೊತೆ ಅದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಹುದು, ಕಿಡ್ನಿಯನ್ನೂ ಕೆಡಿಸಬಹುದು. ಪ್ಯಾರಾಸಿಟಮಾಲ್ ಸಾಕು. ಇನ್ನೊಂದು ಡೆಂಗಿ. ಮಳೆಗಾಲದಲ್ಲಿ ಅಡಿಕೆ ಹಾಳೆಯಲ್ಲಿ, ರಬ್ಬರ್ ಚಿಪ್ಪಿನಲ್ಲಿ ನೀರು ನಿಂತು ಸೊಳ್ಳೆ ಹುಟ್ಟುವುದು ನಿಮಗೆ ಹೇಳಬೇಕಾಗಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಅದರ ಮೇಲೆ ಈ ಮಾತ್ರೆಯೂ ಇದ್ದರೆ ಅಪಾಯ ಜಾಸ್ತಿ. ಅಪ್ಪನಿಗೆ ಜ್ವರ ಬಂದರೆ ಮನೆಯಲ್ಲಿ ಎರಡು ದಿನ ನೋಡುವ ಅಂತ ಕೂರಬೇಡಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ಇಂಥ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಹೇಳಿ. ಸ್ವಲ್ಪ ದಿನ ನಿಲ್ಲಿಸಬೇಕಾ ಎಂದು ಡಾಕ್ಟರೇ ತೀರ್ಮಾನಿಸಲಿ.

ಬಸಳೆ, ಹರಿವೆ, ನುಗ್ಗೆ ಸೊಪ್ಪು ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಅಪಿಕ್ಸಬಾನ್‌ಗೆ ಆ ಕಟ್ಟುಪಾಡು ಇಲ್ಲ, ಬಸಳೆ ಸಾಂಬಾರು ಧಾರಾಳವಾಗಿ ಉಣ್ಣಲಿ. ಸೊಪ್ಪಿನ ಲೆಕ್ಕ ಬರುವುದು ವಾರ್ಫರಿನ್, ಅಸಿಟ್ರೋಮ್ ಥರದ ಹಳೆಯ ಮಾತ್ರೆಗಳಿಗೆ. ಸೊಪ್ಪಿನ ವಿಟಮಿನ್ ಕೆ ಅವುಗಳ ಕೆಲಸವನ್ನು ತಗ್ಗಿಸುತ್ತದೆ. ಅವರೂ ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರ ಸುಮಾರು ಒಂದೇ ಪ್ರಮಾಣದಲ್ಲಿ ತಿಂದರೆ ಆಯಿತು. ರಕ್ತ ಎಷ್ಟು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ ಸಾಮಾನ್ಯವಾಗಿ 2ರಿಂದ 3ರೊಳಗೆ ಇಟ್ಟುಕೊಳ್ಳಬೇಕು. ಕೀಲುವಾತ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾದವರಿಗೆ, ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಈಗಲೂ ಆ ಹಳೆಯ ಮಾತ್ರೆಗಳೇ ಸರಿ. ಪಕ್ಕದ ಮನೆಯವರು ಅಸಿಟ್ರೋಮ್ ನುಂಗುತ್ತಿದ್ದಾರೆ ಎಂದು ಮಾತ್ರೆ ಬದಲಿಸಲು ಹೋಗಬೇಡಿ. ಬೊಂಡದ (ಎಳನೀರಿನ) ಬಗ್ಗೆ ಒಂದು ಮಾತು: ಅದರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಕಿಡ್ನಿ ಸರಿ ಇದ್ದರೆ ತೊಂದರೆ ಇಲ್ಲ. ಕಿಡ್ನಿ ಸೋತವರಿಗೆ, ಅಥವಾ ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ಇದ್ದವರಿಗೆ ಪೊಟ್ಯಾಸಿಯಂ ಏರಿದರೆ ಹೃದಯದ ತಾಳವೇ ಕೆಡುತ್ತದೆ. ಅಪ್ಪನ ಬಿಪಿ ಮಾತ್ರೆ ಯಾವುದು ಎಂದು ಚೀಟಿ ನೋಡಿ ಕೇಳಿಕೊಳ್ಳಿ.

ಎರಡನೆಯದು ಓಟ ತಗ್ಗಿಸುವುದು. ಅದಕ್ಕೆ ಮೆಟೊಪ್ರೊಲಾಲ್ ಇದೆ. ಬೇರೆಯವರಿಗೆ ಡಿಲ್ಟಿಯಾಜೆಮ್, ಡಿಗಾಕ್ಸಿನ್ ಕೊಡುವುದೂ ಉಂಟು. ಇವು ಎವಿ ನೋಡ್ ಇನ್ನಷ್ಟು ಕಾಯಿಸುವ ಹಾಗೆ ಮಾಡುತ್ತವೆ. ಸುಮ್ನೆ ಕೂತಾಗ ನಾಡಿ 110ರ ಒಳಗಿದ್ದು ಸುಸ್ತು ಇಲ್ಲದಿದ್ದರೆ ಶುರುವಿನಲ್ಲಿ ಅಷ್ಟು ಸಾಕು. ನಾಡಿ ನೋಡುವಾಗ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ತಾಳ ತಪ್ಪಿದ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮನೆಯ ಬಿಪಿ ಮಿಷನ್ ಕೂಡ ಇಂಥವರಲ್ಲಿ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ಮೂರು ಸಲ ನೋಡಿ ಸರಾಸರಿ ಹಿಡಿಯಿರಿ.

ಮೂರನೆಯದು ತಾಳ. ಮೊದಲು ಒಂದು ಕಾಲದಲ್ಲಿ ಓಟ ತಗ್ಗಿಸಿದರೆ ಸಾಕು, ತಾಳದ ಗೊಡವೆ ಬೇಡ ಎಂಬ ಅಭಿಪ್ರಾಯ ಜೋರಾಗಿತ್ತು. 2002ರ ಒಂದು ದೊಡ್ಡ ಅಧ್ಯಯನದಲ್ಲಿ ಎರಡು ದಾರಿಗಳ ನಡುವೆ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಬಂದ ಯುರೋಪಿನ ಅಧ್ಯಯನ ಈ ಅಭಿಪ್ರಾಯವನ್ನು ಸ್ವಲ್ಪ ತಿರುಗಿಸಿತು. ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ತಾಳ ಸರಿಮಾಡುವ ಪ್ರಯತ್ನ ಶುರು ಮಾಡಿದವರಲ್ಲಿ ಪಾರ್ಶ್ವವಾಯು, ಹೃದಯದ ತೊಂದರೆಯಿಂದ ಸಾವು ಕಡಿಮೆ ಕಂಡವು. ನಿಮ್ಮ ಅಪ್ಪನಿಗೆ ಕಾಯಿಲೆ ಹೊಸತು. ಹಾಗಾಗಿ ಈ ಮಾತನ್ನು ಡಾಕ್ಟರ ಹತ್ತಿರ ಈಗಲೇ ಎತ್ತುವುದು ಒಳ್ಳೆಯದು. ಮೂರು ವರ್ಷ ಬಿಟ್ಟು ಎತ್ತಿದರೆ ಮೇಲಿನ ಕೋಣೆ ಹಿಗ್ಗಿ ನಡುಕವೇ ಕಾಯಂ ಆಗಿರಬಹುದು.

ತಾಳ ಸರಿಮಾಡಲು ಮಾತ್ರೆಗಳಿವೆ. ಫ್ಲೆಕೈನೈಡ್, ಸೊಟಲಾಲ್, ಎಲ್ಲಕ್ಕಿಂತ ಬಲವಾದ ಅಮಿಯೊಡರೋನ್. ಅಮಿಯೊಡರೋನ್ ಒಳ್ಳೆಯ ಮದ್ದು, ಆದರೆ ಅದನ್ನು ವರ್ಷಗಟ್ಟಲೆ ಸುಮ್ನೆ ಮುಂದುವರಿಸುವುದನ್ನು ನಾನು ಒಪ್ಪುವುದಿಲ್ಲ. ಅದರ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಅಯೋಡಿನ್. ಥೈರಾಯ್ಡ್ ಕೆಡಿಸಬಹುದು, ಶ್ವಾಸಕೋಶ, ಲಿವರ್ ಮೇಲೂ ಏಟು ಬೀಳಬಹುದು. ಬಿಟ್ಟ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ. ಇದನ್ನು ಬರೆದುಕೊಟ್ಟರೆ ಎಷ್ಟು ದಿನಕ್ಕೆ ಎಂದು ಕೇಳಿ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಿ. ಇನ್ನೊಂದು ದಾರಿ ಶಾಕ್. ಹೆಸರು ಕೇಳಿ ಹೆದರಬೇಡಿ, ನಿದ್ದೆ ಬರಿಸಿಯೇ ಕೊಡುತ್ತಾರೆ. ನಡುಕ 48 ಗಂಟೆ ದಾಟಿದ್ದರೆ ಮೂರು ವಾರ ಹೆಪ್ಪು ತಡೆಯುವ ಮಾತ್ರೆ ಒಂದೂ ತಪ್ಪದೆ ತೆಗೆದುಕೊಂಡಿರಬೇಕು. ಇಲ್ಲದಿದ್ದರೆ ಗಂಟಲಿನ ಮೂಲಕ ಎಕೋ ಮಾಡಿ ಗಡ್ಡೆ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಅಪ್ಪ ಮಾತ್ರೆ ಬಿಟ್ಟದ್ದರಿಂದ ಆ ಮೂರು ವಾರ ಈಗ ಮೊದಲಿನಿಂದ ಶುರು.

ಅಬ್ಲೇಶನ್ ಕಥೆಗೆ ನಿಮ್ಮ ತೋಟದೊಂದಿಗೆ ಸಣ್ಣ ನಂಟಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನ ಬೋರ್ಡೋ ಪ್ರದೇಶದ್ದು. ಅದೇ ಊರಿನ ಮಿಶೆಲ್ ಹೈಸಾಗೇರ್ ಮತ್ತು ಜೊತೆಗಾರರು 1998ರಲ್ಲಿ 45 ರೋಗಿಗಳಲ್ಲಿ ಒಂದು ವಿಷಯ ತೋರಿಸಿದರು. ಏಟ್ರಿಯಲ್ ಫಿಬ್ರಿಲೇಶನ್ ಹೊತ್ತಿಸುವ ಕಿಡಿಗಳು ಎಲ್ಲೆಲ್ಲಿಂದಲೋ ಬರುವುದಲ್ಲ. ಶ್ವಾಸಕೋಶದಿಂದ ಎಡ ಮೇಲಿನ ಕೋಣೆಗೆ ರಕ್ತ ತರುವ ನಾಳಗಳ ಬಾಯಿಯಿಂದಲೇ ಹೆಚ್ಚಿನವು ಹೊರಡುತ್ತವೆ. ಈಗ ಮಾಡುವುದೂ ಅದನ್ನೇ ಆಧರಿಸಿ. ತೊಡೆಸಂದಿಯ ನಾಳದಿಂದ ತೆಳು ಕೊಳವೆಗಳನ್ನು ಹೃದಯಕ್ಕೆ ಒಯ್ದು, ಆ ನಾಲ್ಕು ಬಾಯಿಗಳ ಸುತ್ತ ಸುಟ್ಟು ಅಥವಾ ಅತಿ ಶೀತದಿಂದ ಮರಗಟ್ಟಿಸಿ ಗಾಯದ ಬೇಲಿ ಕಟ್ಟುತ್ತಾರೆ. ಕಿಡಿ ಹುಟ್ಟಿದರೂ ಬೇಲಿ ದಾಟುವುದಿಲ್ಲ. ಎದೆ ಕೊಯ್ಯುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು.

ಫಲ ಹೇಗೆ? ಬಂದು ಹೋಗುವ ಬಗೆಯಲ್ಲಿ ಚೆನ್ನಾಗಿದೆ, ಕಾಯಂ ಆದದ್ದರಲ್ಲಿ ಕಮ್ಮಿ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ. ನೂರರಲ್ಲಿ ಕೆಲವರಿಗೆ ಹೃದಯದ ಸುತ್ತ ರಕ್ತ ತುಂಬಿಕೊಳ್ಳುವುದು, ತೊಡೆಸಂದಿಯಲ್ಲಿ ರಕ್ತಸ್ರಾವದಂಥ ತೊಂದರೆ ಆಗುವುದುಂಟು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಇನ್ನೂ ಒಂದು ವಿಷಯ ಅಪ್ಪನಿಗೆ ಇಷ್ಟವಾಗದು. ಅಬ್ಲೇಶನ್ ಆದ ಮೇಲೂ ಕನಿಷ್ಠ ಎರಡು ತಿಂಗಳು ಅಪಿಕ್ಸಬಾನ್ ಬೇಕೇ ಬೇಕು. ಆಮೇಲೂ ಮುಂದುವರಿಸುವುದು ಬಿಡುವುದು ಆ ಅಂಕಗಳ ಮೇಲೆ. ಅವರ ಮೂರು ಅಂಕ ಅಬ್ಲೇಶನ್‌ನಿಂದ ಅಳಿಸಿಹೋಗುವುದಿಲ್ಲ. ಮಾತ್ರೆ ತಪ್ಪಿಸಲೆಂದು ಅಬ್ಲೇಶನ್ ಮಾಡಿಸುವುದಾದರೆ ಬೇಡ. ಡವಡವ, ಏದುಸಿರು ತೊಂದರೆ ಕೊಡುತ್ತಿದ್ದರೆ, ಹೃದಯದ ಶಕ್ತಿ ಇಳಿಯುತ್ತಿದ್ದರೆ ಖಂಡಿತ ಯೋಚಿಸಬಹುದು. ಅದಕ್ಕೂ ಮೊದಲು ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ತೂಕ ಜಾಸ್ತಿ ಇದ್ದರೆ ಇಳಿಸಲಿ. ಜೋರು ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದಾ ಎಂದು ಅಮ್ಮನನ್ನು ಕೇಳಿ. ಕಳ್ಳು, ಸಾರಾಯಿ ಅಭ್ಯಾಸ ಇದ್ದರೆ ನಿಲ್ಲಲಿ. ಇವು ಸರಿಯಾಗದೆ ಮಾಡಿದ ಅಬ್ಲೇಶನ್ ಹೆಚ್ಚು ದಿನ ನಿಲ್ಲುವುದಿಲ್ಲ.

ದೊಡ್ಡಮ್ಮನ ಕಾಯಿಲೆ ಬೇರೆಯೇ ಇರಬೇಕು. ಪೇಸ್‌ಮೇಕರ್ ಹಾಕುವುದು ಬಡಿತ ತೀರಾ ನಿಧಾನವಾದವರಿಗೆ. ಎಸ್‌ಎ ನೋಡ್ ಸೋತಿರುತ್ತದೆ, ಇಲ್ಲವೇ ಎವಿ ನೋಡ್‌ನಿಂದ ಕೆಳಗಿನ ದಾರಿ ಮುಚ್ಚಿರುತ್ತದೆ. ಪೂರ್ತಿ ಮುಚ್ಚಿದರೆ ಕೆಳಗಿನ ಕೋಣೆಗಳು ತಾವೇ ನಿಮಿಷಕ್ಕೆ 20ರಿಂದ 40 ಸಲ ಬಡಿದು ಜೀವ ಉಳಿಸುತ್ತವೆ. ಆದರೆ ತಲೆಸುತ್ತು ಬರುತ್ತದೆ, ನಿಂತಲ್ಲೇ ಬಿದ್ದುಬಿಡುತ್ತಾರೆ. ಮೊದಲ ಪೇಸ್‌ಮೇಕರನ್ನು ಮೈಯೊಳಗೆ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ಟಾಕ್‌ಹೋಮ್‌ನಲ್ಲಿ. ರೋಗಿ ಆರ್ನೆ ಲಾರ್ಸನ್. ಆ ಯಂತ್ರ ಕೆಲವೇ ಗಂಟೆ ಓಡಿತು. ಆಮೇಲೆ ಅವರಿಗೆ ಒಟ್ಟು 26 ಪೇಸ್‌ಮೇಕರ್ ಬದಲಾಯಿಸಿದರು. ಅವರು 2001ರವರೆಗೆ, 86 ವರ್ಷ ಬದುಕಿದರು. ಈಗಿನ ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬರುತ್ತದೆ. ಪೇಸ್‌ಮೇಕರ್ ಬಡಿತವನ್ನು ಒಂದು ಮಟ್ಟದಿಂದ ಕೆಳಗೆ ಇಳಿಯಲು ಬಿಡುವುದಿಲ್ಲ. ಮೇಲಿನ ಕೋಣೆಯ ನಡುಕವನ್ನು ಅದು ನಿಲ್ಲಿಸುವುದಿಲ್ಲ. ಅಪ್ಪನಿಗೆ ಈಗ ಅದು ಬೇಡ. ಮುಂದೆ ಒಮ್ಮೆ ತೀರಾ ಜೋರು, ಒಮ್ಮೆ ತೀರಾ ನಿಧಾನ ಆಗಿ ತಲೆಸುತ್ತು ಬಂದರೆ ಆಗ ನೋಡೋಣ.

ತಂಗಿಯದು ನನಗೆ ಟೆನ್ಶನ್ ಅಂತ ಅನಿಸುವುದಿಲ್ಲ. ಟೆನ್ಶನ್‌ನಲ್ಲಿ ಬಡಿತ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಇವಳದ್ದು ಇದ್ದಕ್ಕಿದ್ದಂತೆ ಶುರು, ಇದ್ದಕ್ಕಿದ್ದಂತೆ ಬಂದ್. ಇದು ಎಸ್‌ವಿಟಿ ಇರಬಹುದು, ಅಂದರೆ ಅಲೆ ಸುತ್ತುಹೊಡೆದು ಬಡಿತ ಇದ್ದಕ್ಕಿದ್ದಂತೆ ಜೋರಾಗುವ ಕಾಯಿಲೆ. ಕೆಲವರಿಗೆ ಹುಟ್ಟಿನಿಂದಲೇ ಎವಿ ನೋಡ್ ಹತ್ತಿರ ಎರಡು ದಾರಿಗಳಿರುತ್ತವೆ, ಅಥವಾ ಮೇಲಿನ ಕೆಳಗಿನ ಕೋಣೆಗಳ ನಡುವೆ ಒಂದು ಹೆಚ್ಚಿನ ಎಳೆ ಉಳಿದಿರುತ್ತದೆ. ಅಲೆ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತತೊಡಗಿದರೆ ಬಡಿತ 150ರಿಂದ 220 ಆಗುತ್ತದೆ. ಸುತ್ತು ಎಲ್ಲಾದರೂ ಕಡಿದರೆ ಅದೇ ಕ್ಷಣ ನಿಲ್ಲುತ್ತದೆ. ಎರಡು ದಾರಿಯ ಬಗೆ ಹೆಂಗಸರಲ್ಲೇ ಜಾಸ್ತಿ. ಬಡಿತ ನಿಂತ ಮೇಲೆ ತೆಗೆದ ಇಸಿಜಿ ಹೆಚ್ಚಾಗಿ ಮಾಮೂಲು ಕಾಣುತ್ತದೆ, ಅದಕ್ಕೇ ತಪ್ಪಿಹೋಗುತ್ತದೆ. ಮುಂದಿನ ಸಲ ಬಂದಾಗ ಹತ್ತಿರದ ಯಾವುದಾದರೂ ಆಸ್ಪತ್ರೆಗೆ ಓಡಿ, ಬಡಿಯುತ್ತಿರುವಾಗಲೇ ಇಸಿಜಿ ತೆಗೆಸಿ, ಫೋಟೋ ಇಟ್ಟುಕೊಳ್ಳಿ. ಇಸಿಜಿ ತೆಗೆಯುವ ವಾಚ್ ಯಾರ ಹತ್ತಿರವಾದರೂ ಇದ್ದರೆ ಅದೂ ಆದೀತು.

ದಾರಿಯಲ್ಲಿ ಮಾಡಬಹುದಾದ ಒಂದು ಉಪಾಯ ಇದೆ. ಕಾಲು ಚಾಚಿ ಒರಗಿ ಕೂತು, 10 ಮಿಲಿ ಸಿರಿಂಜಿನ ಬಾಯಿಗೆ ಅದರ ದಂಡ ಅಲ್ಲಾಡುವಷ್ಟು ಜೋರಾಗಿ 15 ಸೆಕೆಂಡ್ ಊದಬೇಕು. ಮುಗಿದ ಕೂಡಲೇ ಬೆನ್ನ ಮೇಲೆ ಮಲಗಿಸಿ ಇನ್ನೊಬ್ಬರು ಕಾಲುಗಳನ್ನು 15 ಸೆಕೆಂಡ್ ಎತ್ತಿ ಹಿಡಿಯಬೇಕು. 2015ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ ಹೀಗೆ ಮಾಡಿದ ನೂರರಲ್ಲಿ 43 ಮಂದಿಗೆ ಬಡಿತ ಸರಿಯಾಯಿತು. ಕಾಲು ಎತ್ತದೆ ಬರೀ ಊದಿದವರಲ್ಲಿ 17 ಮಂದಿಗೆ ಮಾತ್ರ. ಆಗದಿದ್ದರೆ ಆಸ್ಪತ್ರೆಯಲ್ಲಿ ಅಡೆನೊಸಿನ್ ಇಂಜೆಕ್ಷನ್ ಇದೆ. ಕೊಟ್ಟಾಗ ಕೆಲವು ಸೆಕೆಂಡ್ ಎದೆ ಹಿಡಿದಂತೆ, ಜೀವವೇ ಹೋದಂತೆ ಅನಿಸುತ್ತದೆ. ತಂಗಿಗೆ ಮೊದಲೇ ಹೇಳಿಡಿ, ಅದು ತಕ್ಷಣ ಹೋಗುತ್ತದೆ. ಇವಳಿಗೆ ಎಸ್‌ವಿಟಿ ಖಚಿತವಾದರೆ ಅಬ್ಲೇಶನ್‌ನಿಂದ ನೂರರಲ್ಲಿ 95ರಷ್ಟು ಮಂದಿಗೆ ಪೂರ್ತಿ ವಾಸಿಯಾಗುತ್ತದೆ. ನಿಮ್ಮ ಮನೆಯಲ್ಲಿ ಅಬ್ಲೇಶನ್‌ಗೆ ದುಡ್ಡು ಕೂಡಿಸುವುದಾದರೆ, ನನ್ನ ಕೇಳಿದರೆ, ಅಪ್ಪನಿಗಿಂತ ತಂಗಿಗೆ ಅದು ಹೆಚ್ಚು ಲಾಭದ್ದು. ಬಡಿತದ ಜೊತೆ ಪ್ರಜ್ಞೆ ತಪ್ಪಿದರೆ ಮಾತ್ರ ಯಾವ ಉಪಾಯವೂ ಬೇಡ, 108ಕ್ಕೆ ಫೋನ್ ಮಾಡಿ.

ತೋಟದ ಕೆಲಸಕ್ಕೆ ಬರೋಣ. ನಡೆಯುವುದು, ನೀರು ಬಿಡುವುದು, ಅಡಿಕೆ ಹೆಕ್ಕುವುದು, ಅಂಗಳದಲ್ಲಿ ಒಣಗಿಸುವುದು ಎಲ್ಲ ಮಾಡಲಿ, ಮಾಡಿದರೆ ಒಳ್ಳೆಯದೇ. ಮರ ಹತ್ತುವುದು ಬೇಡ. ಬೀಳುವ ಭಯ ಎಲ್ಲರಿಗೂ ಇದೆ, ಈ ಮಾತ್ರೆಯಲ್ಲಿ ಬಿದ್ದರೆ ತಲೆಯೊಳಗೆ ರಕ್ತಸ್ರಾವ ಆಗುವ ಸಾಧ್ಯತೆ ಜಾಸ್ತಿ. ಔಷಧಿ ಹೊಡೆಯಲು, ಕೊಯ್ಯಲು ಜನ ಕರೆಯಿರಿ. ನೆಲದಲ್ಲೇ ನಿಂತು ದೋಟಿಯಲ್ಲಿ ಕೊಯ್ಯುವುದಾದರೆ ಅಪ್ಪನಿಗೆ ಅಡ್ಡಿಯಿಲ್ಲ. ದೊಡ್ಡಮ್ಮನ ಮನೆಯಲ್ಲಿ ಮಿಕ್ಸಿ, ಗ್ರೈಂಡರ್, ಪಂಪಿನ ಸ್ವಿಚ್ಚಿಗೆ ಹೆದರಬೇಕಾಗಿಲ್ಲ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಲಿ. ಮೊಬೈಲನ್ನು ಪೇಸ್‌ಮೇಕರ್ ಇಲ್ಲದ ಕಡೆಯ ಕಿವಿಗೆ ಹಿಡಿಯಲಿ, ಅದರ ಮೇಲಿನ ಕಿಸೆಯಲ್ಲಿ ಇಡಬಾರದು. ಹಂದಿ ಕಾಟಕ್ಕೆ ಹಾಕಿದ ಕರೆಂಟ್ ಬೇಲಿಯ ಹತ್ತಿರ ಅವರು ಹೋಗಲೇಬಾರದು.

ಅಪ್ಪನ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಅಪಿಕ್ಸಬಾನ್ ಕೊನೆಯದಾಗಿ ಎಷ್ಟು ಗಂಟೆಗೆ ನುಂಗಿದರು ಎಂದು ಅಲ್ಲಿ ಕೇಳುತ್ತಾರೆ. ಆ ಉತ್ತರದ ಮೇಲೆ ಆ ಇಂಜೆಕ್ಷನ್ ಕೊಡಬಹುದಾ, ಅಥವಾ ಕೊಳವೆ ಹಾಕಿ ಗಡ್ಡೆ ಎಳೆಯಬೇಕಾ ಎಂಬುದು ನಿಂತಿರುತ್ತದೆ. ಹಾಗಾಗಿ ಮಾತ್ರೆ ತೆಗೆದುಕೊಂಡ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸ ಮಾಡಿಸಿ.

ಮಂಗಳೂರಿಗೆ ಮುಂದಿನ ಸಲ ಹೋಗುವಾಗ ಕಾಸರಗೋಡಿನಲ್ಲಿ ತೆಗೆದ ಮೊದಲ ಇಸಿಜಿ ಮರೆಯದೆ ಒಯ್ಯಿರಿ. ಇಸಿಜಿ ಕಾಗದ ವರ್ಷ ಕಳೆದಂತೆ ಮಾಸಿಹೋಗುತ್ತದೆ, ಇವತ್ತೇ ಫೋಟೋ ತೆಗೆದಿಡಿ. ಎಕೋ ವರದಿಯಲ್ಲಿ ಎಡ ಮೇಲಿನ ಕೋಣೆಯ ಅಳತೆ ಎಷ್ಟು ಎಂದು ಕೇಳಿ, ತಾಳ ಸರಿಮಾಡುವ ಮಾತು ಹೆಚ್ಚು ಕಡಿಮೆ ಅದರ ಮೇಲೆಯೇ ನಿಂತಿದೆ. ಕೇರಳದ ಕಾರುಣ್ಯ ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ನಡೆಯುತ್ತದಾ, ಅಬ್ಲೇಶನ್‌ಗೂ ಆಗುತ್ತದಾ ಎಂದು ಅಡ್ಮಿಟ್ ಆಗುವ ಮೊದಲೇ ವಿಮೆಯ ಕೌಂಟರಿನಲ್ಲಿ ವಿಚಾರಿಸಿ.